ನಮ್ಮ ತೋಟದ ಪಹಣಿ ಮತ್ತು ಯುರೋಪಿನ ಕಾನೂನು

ಜಾಗತೀಕರಣದಿಂದ ಸರ್ಕಾರಗಳು ರಾಜಕೀಯವಾಗಿ ಒಂದನ್ನೊಂದು ಅವಲಂಬಿಸುತ್ತವೆ ಅಂತಾರಲ್ಲ, ಹಾಗಂದ್ರೆ ನಿಜಕ್ಕೂ ಏನು ಅಂತ ಕೇಳಿದ್ದೀರಿ. ನಾನು ರಾಜ್ಯಶಾಸ್ತ್ರ ಓದಿದವನಲ್ಲ, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ. ತೋಟದಲ್ಲಿ ಕಂಡದ್ದನ್ನೇ ಹೇಳುತ್ತೇನೆ.

2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ತೋಟ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯನ್ನೂ ಗುರುತಿಸಬೇಕು. ಈ ಕಾನೂನು ಮಾಡಿದವರಲ್ಲಿ ನಾವು ಮತ ಹಾಕಿ ಕಳಿಸಿದವರು ಒಬ್ಬರೂ ಇಲ್ಲ. ಆದರೆ ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ರಫ್ತಾಗುವುದರಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿಯಂಥ ದೇಶಗಳಿಗೆ ಹೋಗುತ್ತದೆ. ಹಾಗಾಗಿ ನಮ್ಮ ಕೇಂದ್ರ ಸರ್ಕಾರದ ಕಾಫಿ ಮಂಡಳಿಯೇ ಮುಂದೆ ನಿಂತು ಬೆಳೆಗಾರರ ನೋಂದಣಿ ಮಾಡಿಸಬೇಕಾಯಿತು.

ಇಷ್ಟಕ್ಕೇ ನಿಂತಿದ್ದರೆ ಬಲಿಷ್ಠರ ದಬ್ಬಾಳಿಕೆ ಅಂದು ಮುಗಿಸಬಹುದಿತ್ತು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಷರತ್ತಿದೆ: ಬೆಳೆ ತೆಗೆದದ್ದು ಆಯಾ ದೇಶದ ಕಾನೂನಿನ ಪ್ರಕಾರವೇ ಇರಬೇಕು. ಅಂದರೆ ನನ್ನ ಕಾಫಿ ಸರಿಯಾದದ್ದು ಅಂತ ಒಪ್ಪಲು ಅವರಿಗೆ ಕೊನೆಗೆ ಬೇಕಾಗುವುದು ಪಹಣಿಯಂಥ ನಮ್ಮ ಕಂದಾಯ ಇಲಾಖೆಯ ದಾಖಲೆ. ನಮ್ಮ ತಾಲ್ಲೂಕು ಕಚೇರಿಯ ಕಡತ ಸರಿಯಿಲ್ಲದಿದ್ದರೆ ಅವರ ಕಾನೂನೂ ನಡೆಯುವುದಿಲ್ಲ. ಅವಲಂಬನೆ ಅಂದರೆ ನನಗೆ ಹೊಳೆದದ್ದು ಇಲ್ಲಿ.

ಒತ್ತಡವೂ ಎರಡೂ ಕಡೆಯಿಂದ ಇತ್ತು. ಬ್ರೆಜಿಲ್, ಇಂಡೋನೇಷ್ಯಾ, ಮಲೇಷ್ಯಾ ಸರ್ಕಾರಗಳು ಬಲವಾಗಿ ವಿರೋಧಿಸಿದವು, ಒಕ್ಕೂಟದ ಒಳಗೇ ಎಲ್ಲರೂ ಸಿದ್ಧರಿರಲಿಲ್ಲ. ಜಾರಿಯ ದಿನಾಂಕವನ್ನು 2024ರಲ್ಲೊಮ್ಮೆ, 2025ರಲ್ಲಿ ಮತ್ತೊಮ್ಮೆ ಮುಂದೂಡಿದರು.

ಇದೇನು ಹೊಸದಲ್ಲ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಒಟ್ಟಿಗೆ ಕೂತು, ಯಾರು ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ನಿಗದಿ ಮಾಡಿಕೊಂಡಿದ್ದವು. 1989ರ ಜುಲೈನಲ್ಲಿ ಒಮ್ಮತ ಮುರಿದು ಕೋಟಾ ಬಿದ್ದುಹೋಯಿತು, ಜಗತ್ತಿನಾದ್ಯಂತ ಕಾಫಿ ಬೆಲೆ ಕುಸಿಯಿತು. ಆ ವರ್ಷಗಳ ಕಷ್ಟವನ್ನು ನಮ್ಮ ಮನೆಯ ಹಿರಿಯರು ಈಗಲೂ ನೆನೆಯುತ್ತಾರೆ. ಅದಕ್ಕೇ ನನಗೆ ಈ ಅವಲಂಬನೆ ಬಗ್ಗೆ ಭಯವಿಲ್ಲ, ನಮ್ಮನ್ನು ಕೂರಿಸಿಕೊಳ್ಳದೆ ನಿಯಮ ಮಾಡುವುದರ ಬಗ್ಗೆ ತಕರಾರಿದೆ. ಆಗ ಎದುರುಬದುರು ಕೂತು ಸಹಿ ಹಾಕುತ್ತಿದ್ದರು. ಈಗ ಮಾರುಕಟ್ಟೆ ಇರುವವರು ಮೊದಲು ಕಾನೂನು ಮಾಡುತ್ತಾರೆ, ಮಾತುಕತೆ ಆಮೇಲೆ. ಎರಡು ಎಕರೆ, ಮೂರು ಎಕರೆ ಇರುವ ಬೆಳೆಗಾರನಿಗೆ ಅದರ ಬಿಸಿ ಜಾಸ್ತಿ ತಟ್ಟುತ್ತದೆ.

ನಮ್ಮ ತೋಟದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದೇವೆ.