ಜಗಳಕ್ಕೆ ಭಾಷೆ ಅಂಟುವುದು ಮೂರನೆಯವನು ಬಂದ ಮೇಲೆ

ದಿನಾ ಕನ್ನಡ-ಮರಾಠಿ ಹೊಡೆದಾಟ ನಡೆಯುವ ಬೆಳಗಾವಿಗೆ ದ್ವೇಷ ಅಪರಾಧದ, ಅಂದರೆ ಭಾಷೆ, ಜಾತಿಯಂಥ ಗುರುತಿಗಾಗಿಯೇ ಒಬ್ಬನ ಮೇಲೆ ಎಸಗುವ ಅಪರಾಧದ ಕಾನೂನು ಬೇಕೇ ಬೇಕಲ್ಲವೇ ಎಂದು ಕೇಳಿದ್ದೀರಿ. ದಿನಾ ಏನೂ ನಡೆಯುವುದಿಲ್ಲ ಮಾರಾಯರೇ. ಟಿವಿಯವರು ನವೆಂಬರ್ 1ಕ್ಕೆ ಬರುತ್ತಾರೆ, ಚಳಿಗಾಲದ ಅಧಿವೇಶನಕ್ಕೆ ಬರುತ್ತಾರೆ. ಉಳಿದ ದಿನ ನಾವು ಒಂದೇ ಗಲ್ಲಿಯಲ್ಲಿ ಎರಡೂ ಭಾಷೆಯಲ್ಲಿ ಚೌಕಾಸಿ ಮಾಡಿಕೊಂಡು, ಬೀಗತನ ಬೆಳೆಸಿಕೊಂಡು ಇರುತ್ತೇವೆ. ಅವ್ವನ ತವರು ಕೊಲ್ಹಾಪುರದ ಕಡೆ, ಅಪ್ಪನ ಊರು ಗೋಕಾಕ ಅನ್ನುವ ಮನೆ ಇಲ್ಲಿ ಸುದ್ದಿಯಲ್ಲ.

ಹಾಗಂತ ಜಗಳವೇ ಇಲ್ಲ ಎನ್ನುತ್ತಿಲ್ಲ. ಅದು ಹೇಗೆ ಹುಟ್ಟುತ್ತದೆ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಗಂಟು ಇರುವುದು. ಚನ್ನಮ್ಮ ಸರ್ಕಲ್ ಹತ್ತಿರ ಎರಡು ಬೈಕ್ ತಾಗುತ್ತವೆ ಅಂದುಕೊಳ್ಳಿ. ಇಬ್ಬರೂ ಇಳಿಯುತ್ತಾರೆ, ಇಂಡಿಕೇಟರ್ ಒಡೆದದ್ದಕ್ಕೆ ದುಡ್ಡು ಯಾರು ಕೊಡಬೇಕೆಂದು ಕೂಗಾಡುತ್ತಾರೆ, ಬೈಗುಳದಲ್ಲಿ ಎರಡೂ ಭಾಷೆ ಕಲಸಿರುತ್ತದೆ. ಇಲ್ಲಿಗೆ ಇದು ಇಂಡಿಕೇಟರ್‌ನ ಜಗಳ. ಅಷ್ಟರಲ್ಲಿ ಮೂರನೆಯವನೊಬ್ಬ ಬಂದು ಗಾಡಿ ನಿಲ್ಲಿಸಿ, ಏನಾಯ್ತೆಂದು ಕೇಳುವ ಮೊದಲೇ "ಯಾರ ಪೈಕಿ ಅಂವಾ?" ಅನ್ನುತ್ತಾನೆ. ಉತ್ತರ ಸಿಕ್ಕ ಗಳಿಗೆಯಿಂದ ಜಗಳ ಬೇರೆಯದೇ ಆಗುತ್ತದೆ. ಹೆಚ್ಚಿನ ಸಲ ಯಾರೋ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಬಿಡಿಸದಿದ್ದ ದಿನ ನಿಮಗೆ ಸುದ್ದಿ ತಲುಪುತ್ತದೆ.

2025ರ ಫೆಬ್ರುವರಿಯಲ್ಲಿ ತಲುಪಿತ್ತು. ಬಾಳೇಕುಂದ್ರಿ ಕಡೆಯ ಬಸ್ಸಿನಲ್ಲಿ ಟಿಕೆಟ್ ವಿಷಯಕ್ಕೆ ಮಾತು ಬೆಳೆದು, ಮರಾಠಿ ಬರುವುದಿಲ್ಲ ಎಂದ ಕಂಡಕ್ಟರ್ ಮೇಲೆ ಹಲ್ಲೆಯಾಯಿತು. ಆ ಕಂಡಕ್ಟರ್ ಮೇಲೇ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಅಡಿ ಪ್ರತಿದೂರು ಬಿತ್ತು, ಆಮೇಲೆ ಅದನ್ನು ಹಿಂಪಡೆಯುವುದಾಗಿ ದೂರುದಾರರ ಕಡೆಯವರೇ ಹೇಳಿದರು. ಇದಕ್ಕೆ ಸೇಡೆಂಬಂತೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಚಾಲಕರೊಬ್ಬರ ಮುಖಕ್ಕೆ ಮಸಿ ಬಳಿದರು. ಎರಡೂ ಕಡೆಯ ಬಸ್ಸುಗಳು ಕೆಲವು ದಿನ ಗಡಿ ದಾಟಲಿಲ್ಲ.

ಈ ಎರಡರಲ್ಲಿ ದ್ವೇಷ ಅಪರಾಧ ಯಾವುದು? ನನ್ನನ್ನು ಕೇಳಿದರೆ ಎರಡನೆಯದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಆ ಚಾಲಕನಿಗೂ ಬಾಳೇಕುಂದ್ರಿಗೂ ಸಂಬಂಧವಿರಲಿಲ್ಲ. ಅವನು ಸಿಕ್ಕಿದ್ದು ಬಸ್ಸಿನ ಮೇಲಿದ್ದ ರಾಜ್ಯದ ಹೆಸರಿನಿಂದ. ಕನ್ನಡದವನಾಗಿ ಇದನ್ನು ಹೇಳಿದರೆ ನಮ್ಮವರೇ ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಮೊದಲನೆಯದು ಟಿಕೆಟ್‌ನಿಂದ ಶುರುವಾಗಿ ಭಾಷೆಗೆ ಬಂದ ಜಗಳ. ಯಾವ ಏಟಿನ ಹೊತ್ತಿಗೆ ಅದು ದ್ವೇಷವಾಯಿತು ಅನ್ನುವುದನ್ನು ಸಾಕ್ಷಿಗಳ ಬಾಯಿಂದಲೇ ತಿಳಿಯಬೇಕು.

ಹೊಡೆದದ್ದಕ್ಕೆ ಹೊಡೆದ ಶಿಕ್ಷೆ ಸಾಲದೇ, ಮನಸ್ಸಿನಲ್ಲಿ ಇದ್ದದ್ದಕ್ಕೂ ಶಿಕ್ಷೆ ಏಕೆ ಅನ್ನುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಇಂಡಿಕೇಟರ್ ಜಗಳದಲ್ಲಿ ಏಟು ತಿಂದವನ ನೋವು ಅವನೊಬ್ಬನದು. ಗುರುತಿಗಾಗಿ ಒಬ್ಬ ಚಾಲಕನಿಗೆ ಮಸಿ ಬಿದ್ದರೆ ಅದೇ ಗುರುತಿನ ಪ್ರತಿ ಚಾಲಕನೂ ಮರುದಿನ ಡ್ಯೂಟಿಗೆ ಹತ್ತಲು ಹಿಂಜರಿಯುತ್ತಾನೆ. ಹಾನಿ ದೊಡ್ಡದಾದಾಗ ಶಿಕ್ಷೆಯೂ ದೊಡ್ಡದಾಗುವುದು ಅನ್ಯಾಯವಲ್ಲ. ನಮ್ಮ ಕಾನೂನು ಇದನ್ನು ಭಾಗಶಃ ಒಪ್ಪಿಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ ಪ್ರಕಾರ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಹುಟ್ಟಿದ ಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬರಿಗೂ ಮರಣದಂಡನೆ ಇಲ್ಲವೇ ಜೀವಾವಧಿ. ಇಂಥದೇ ಗುಂಪು ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ ಸಜೆ. (ವಿಚಿತ್ರವೆಂದರೆ ಆ ಪಟ್ಟಿಯಲ್ಲಿ ಭಾಷೆ ಇದೆ, ಧರ್ಮದ ಹೆಸರಿಲ್ಲ, 'ವೈಯಕ್ತಿಕ ನಂಬಿಕೆ' ಎಂದು ಬರೆದು ಮುಗಿಸಿದ್ದಾರೆ.)

ಕಷ್ಟ ಇರುವುದು 'ಕಾರಣಕ್ಕೆ' ಎಂಬುದನ್ನು ಸಾಬೀತು ಮಾಡುವುದರಲ್ಲಿ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಜೀವಾವಧಿ ಕೊಡಬೇಕಾದರೆ ಮೊದಲು, ಸಂತ್ರಸ್ತ ಪರಿಶಿಷ್ಟ ಜಾತಿ ಅಥವಾ ಪಂಗಡದವನು ಎಂಬ ಕಾರಣಕ್ಕೇ ಕೃತ್ಯ ನಡೆದಿದೆ ಎಂದು ತೋರಿಸಬೇಕಿತ್ತು. ಕೊಂದದ್ದು ಜಮೀನಿಗಾಗಿ, ಜಾತಿಗಾಗಿ ಅಲ್ಲ ಎಂದು ಆರೋಪಿಗಳು ಈ ಕಾಯ್ದೆಯಿಂದ ಪಾರಾಗುತ್ತಿದ್ದರು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ, ಜಾತಿ ಗೊತ್ತಿದ್ದೂ ಮಾಡಿದರೆ ಸಾಕು ಎಂದಿತು. ಹಳ್ಳಿಯಲ್ಲಿ ಯಾರ ಜಾತಿ ಯಾರಿಗೆ ಗೊತ್ತಿಲ್ಲ? ಜಾತಿಯ ಹಿಂಸೆ ಮೇಲಿನಿಂದ ಕೆಳಕ್ಕೇ ಇಳಿಯುವುದರಿಂದ ಆ ತಿದ್ದುಪಡಿ ನ್ಯಾಯವಾದದ್ದೇ.

ಅದೇ ಅಳತೆಯನ್ನು ಭಾಷೆಗೆ ತಂದರೆ ನಮ್ಮ ಜಿಲ್ಲೆಯ ಪ್ರತಿ ಬೈಕ್ ಜಗಳವೂ ದ್ವೇಷ ಅಪರಾಧವಾಗುತ್ತದೆ, ಯಾಕೆಂದರೆ ಎದುರಿನವನ ಭಾಷೆ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಬಲ ಒಂದೇ ಕಡೆ ನಿಂತೂ ಇಲ್ಲ. ಖಾನಾಪುರದ ಒಂದು ಹಳ್ಳಿಯಲ್ಲಿ ಕನ್ನಡದವನು ಒಂಟಿ, ಬೈಲಹೊಂಗಲದಲ್ಲಿ ಮರಾಠಿಯವನು ಒಂಟಿ. ಹಾಗಾಗಿ ಭಾಷೆಯ ವಿಷಯದಲ್ಲಿ ಕಾರಣವನ್ನೇ ತೋರಿಸಬೇಕು: ಮೊದಲ ಏಟಿಗೆ ಮುಂಚೆ ಏನು ಕೂಗಿದರು, ಅವನನ್ನೇ ಯಾಕೆ ಹಿಡಿದರು, ಜನರನ್ನು ಫೋನ್ ಮಾಡಿ ಕರೆಸಿದ್ದು ಯಾರು.

ಇನ್ನು 2025ರ ಡಿಸೆಂಬರ್‌ನಲ್ಲಿ ಇಲ್ಲೇ ಸುವರ್ಣ ವಿಧಾನಸೌಧದಲ್ಲಿ ಗದ್ದಲದ ನಡುವೆ ಪಾಸಾದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳ ಮಸೂದೆ. ಹೆಸರಿನಲ್ಲಿ ಅಪರಾಧವಿದ್ದರೂ ಅದರ ಒತ್ತೆಲ್ಲ ಮಾತಿನ ಮೇಲೆ. ಒಂದರಿಂದ ಏಳು ವರ್ಷ ಸಜೆ, ಜಾಮೀನುರಹಿತ. ಇದರ ಬಗ್ಗೆ ನನಗೆ ಅಳುಕಿದೆ. ಏಟಿಗೆ ಗಾಯದ ಸಾಕ್ಷಿ ಇರುತ್ತದೆ. ಮಾತು ದ್ವೇಷವೋ ಬರೀ ಒರಟುತನವೋ ಎಂದು ಠಾಣೆಯಲ್ಲಿ ಕೂತ ಒಬ್ಬ ಅಧಿಕಾರಿ ಅಂದಾಜು ಮಾಡಬೇಕು. ಜಾಮೀನು ಸಿಗುವವರೆಗೂ ಆ ಅಂದಾಜೇ ಶಿಕ್ಷೆ.

ಮಾತಿಗೆ ಕಾನೂನು ಇಲ್ಲದೆಯೂ ಇಲ್ಲ. ಭಾಷೆಯ ಹೆಸರಿನಲ್ಲಿ ವೈರ ಹಚ್ಚಿದರೆ ಸಂಹಿತೆಯ 196ನೇ ಕಲಂ ಅಡಿ ಮೂರು ವರ್ಷದವರೆಗೆ ಸಜೆಯಿದೆ. ಹಳೆಯ ಭಾರತೀಯ ದಂಡ ಸಂಹಿತೆಯ 153ಎ ಅದೇ. ಆದರೆ ಕೋರ್ಟು ಅಂಥ ಕೇಸನ್ನು ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಅಂದರೆ ಯಾರ ದ್ವೇಷ ವಿಚಾರಣೆಗೆ ಯೋಗ್ಯ ಎಂದು ಮೊದಲು ತೀರ್ಮಾನಿಸುವುದು ಚುನಾವಣೆ ಎದುರಿಸಬೇಕಾದವರು. ಆಮೇಲೆ ಹೋರಾಟಗಾರರ ಮೇಲಿನ ಕೇಸು ವಾಪಸ್ ತೆಗೆಯಿರಿ ಎಂಬ ಮನವಿಗಳು ಶುರು, ಗಡಿಯ ಆಚೆಯೂ ಈಚೆಯೂ. ದೊಡ್ಡ ಊರಿನಲ್ಲಿ ಕೂತು ಹೇಳಿಕೆ ಕೊಟ್ಟವರ ಕಡತ ಅನುಮತಿಗೆ ಕಾಯುತ್ತಾ ಬಿದ್ದಿರುತ್ತದೆ. ಹೇಳಿಕೆ ಕೇಳಿ ಕಲ್ಲೆತ್ತಿದ ಹುಡುಗನ ಕೇಸಿಗೆ ಯಾರ ಅನುಮತಿಯೂ ಬೇಡ, ಅದು ಬರೀ ಕಲ್ಲು ತೂರಾಟ. ಅವನು ತಿಂಗಳಿಗೊಮ್ಮೆ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುತ್ತಾನೆ. ನಿಮ್ಮ ಕಡೆಯ ಶಾಸಕರು ಸಿಕ್ಕರೆ, ಹೊಸ ಕಾನೂನಿಗಿಂತ ಮೊದಲು ಈ ಪೂರ್ವಾನುಮತಿಯ ಬಗ್ಗೆ ಕೇಳಿ ನೋಡಿ.