ಘಮಘಮಿಸುವ ಆ ಬೇಲಿ ಗಿಡ ಯಾವುದು?

ಪ್ರಶ್ನೆ: ಪಕ್ಕದ ಮನೆಯವರ ಬೇಲಿ ಗಿಡ ವರ್ಷವಿಡೀ ಹಸಿರು. ಪುಟ್ಟ ಎಲೆ, ಒಳ್ಳೆ ಹೊಳಪು. ಮಳೆ ಬಿದ್ದ ಕೆಲವು ದಿನಕ್ಕೆ ಮೈತುಂಬ ಬಿಳಿ ಹೂ, ಬೀದಿಯೆಲ್ಲ ಘಮ್ ಅನ್ನುತ್ತದೆ. ಆಮೇಲೆ ಕೆಂಪು ಹಣ್ಣು. ಇದೇನು ಗಿಡ? ನಮ್ಮ ಮನೆ ಮುಂದೆ ಹಾಕಬಹುದಾ? ಹಿತ್ತಲಲ್ಲಿ ನಾಲ್ಕು ಕಿತ್ತಳೆ ಗಿಡ ಇವೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಅದು ಕಾಮಿನಿ. ನರ್ಸರಿಗಳಲ್ಲಿ ಮಧುಕಾಮಿನಿ ಅಂತಲೂ ಕರೆಯುತ್ತಾರೆ. ಖಾತ್ರಿ ಬೇಕಿದ್ದರೆ ಒಂದು ಎಲೆ ಕಿವುಚಿ ಮೂಸಿ, ನಿಂಬೆ ಎಲೆಯ ವಾಸನೆ ಬರಬೇಕು. ಬಿಸಿಲಿಗೆ ಹಿಡಿದರೆ ಎಲೆ ತುಂಬ ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ, ಎಣ್ಣೆ ಇರುವುದು ಅಲ್ಲೇ. ಮುಳ್ಳಿದ್ದು, ಚಿವುಟಿದರೆ ಹಾಲು ಬಂದರೆ ಅದು ಕವಳಿ. ನೀಲಿ ಹೂ, ಹಳದಿ ಕಾಯಿ ಗೊಂಚಲು ಇದ್ದರೆ ಡುರಾಂಟಾ. ಅದರ ಕಾಯಿ ವಿಷ, ಮಕ್ಕಳಿರುವ ಮನೆಗೆ ಬೇಡ.

ಕಾಮಿನಿ ಬೆಳೆಸುವುದು ಸುಲಭ. ಎರಡಡಿಗೊಂದು ಗಿಡ, ನೀರು ನಿಲ್ಲದ ಜಾಗ, ಅರ್ಧ ದಿನದ ಬಿಸಿಲು ಸಾಕು. ಬೀಜ ಹಾಕುವುದಾದರೆ ಹಣ್ಣಿನ ತಿರುಳು ತೊಳೆದು ತಕ್ಷಣ ಹಾಕಿ. ಗಿಡ ಮೊಣಕಾಲೆತ್ತರ ಬಂದಾಗಲೇ ಕುಡಿ ಚಿವುಟದಿದ್ದರೆ ಬುಡ ಬೋಳಾಗುತ್ತದೆ, ಆಮೇಲೆ ಎಷ್ಟು ಕತ್ತರಿಸಿದರೂ ನಾಯಿ ನುಸುಳುವಷ್ಟು ಸಂದು ಹಾಗೇ ಉಳಿಯುತ್ತದೆ.

ಆದರೆ ನೀವು ಹಾಕಬೇಡಿ. ಕಾಮಿನಿ ಕಿತ್ತಳೆ, ನಿಂಬೆಗಳ ನೆಂಟ. ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಅನ್ನೋ ಕೀಟಕ್ಕೆ ಇದರ ಎಳೆ ಕುಡಿ ಅಂದರೆ ಪ್ರಾಣ, ಮೊಟ್ಟೆ ಇಡುವುದೂ ಅಲ್ಲೇ. ಬೇಲಿ ಅಂದ ಮೇಲೆ ಕತ್ತರಿಸಲೇಬೇಕು, ಕತ್ತರಿಸಿದಷ್ಟೂ ಹೊಸ ಕುಡಿ, ಅಂದರೆ ನೀವೇ ಆ ಕೀಟಕ್ಕೆ ಊಟ ಬಡಿಸಿದ ಹಾಗೆ. ರೋಗ ತಗುಲಿದರೆ ಎಲೆ ಅಲ್ಲಲ್ಲಿ ಹಳದಿಯಾಗಿ, ಹಣ್ಣು ಸೊಟ್ಟಗಾಗಿ ಹಸಿರಾಗೇ ಉಳಿಯುತ್ತದೆ. ಇದಕ್ಕೆ ಮದ್ದಿಲ್ಲ.

ನಿಮ್ಮ ಕಡೆಗೆ ಕೇಪಳವೇ ಸರಿ. ಹುಳಿ ಮಣ್ಣು ಅದಕ್ಕೆ ಇಷ್ಟ, ಮಳೆಗಾಲದಲ್ಲಿ ಕಡ್ಡಿ ನೆಟ್ಟರೂ ಬರುತ್ತದೆ. ಹೊಸ ಸಿಮೆಂಟ್ ಗೋಡೆಗೆ ಅಂಟಿಸಿ ಮಾತ್ರ ನೆಡಬೇಡಿ, ಸುಣ್ಣದ ಅಂಶ ಇಳಿದು ಎಲೆ ಹಳದಿಯಾಗುತ್ತದೆ. ಪೆಟ್ಟಿಗೆ ಥರ ಚೌಕ ಕತ್ತರಿಸುವ ಚಟವೂ ಬೇಡ, ಹೂ ಬರುವುದು ಕುಡಿಯಲ್ಲೇ ಅಲ್ವಾ!

ಪಕ್ಕದವರಿಗೆ ಗಿಡ ಕೀಳಿ ಅಂತ ಹೇಳಿ ಜಗಳ ಯಾಕೆ? ಅವರು ಬೇಲಿ ಕತ್ತರಿಸಿದ ಮೇಲೆ ಚಿಗುರನ್ನು ಆಗಾಗ ನೋಡುತ್ತಿರಿ. ಎಳ್ಳಿನ ಕಾಳಿನಷ್ಟು ಕಂದು ಕೀಟ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತಿದ್ದರೆ ಅದೇ ಸಿಲ್ಲಿಡ್. ಇಬ್ಬರೂ ಮಾತಾಡಿಕೊಂಡು ಒಟ್ಟಿಗೆ ಬೇವಿನೆಣ್ಣೆ ಸಿಂಪಡಿಸಿ.