ಗಣಿತ ಓದಿದರೆ ಟೀಚರ್ ಕೆಲಸ ಒಂದೇನಾ?

ನಿಮ್ಮ ಮಗಳು ಪಿಯುಸಿ ಮುಗಿಸಿ ಗಣಿತವನ್ನೇ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಟೀಚರ್ ಆಗೋದು ಬಿಟ್ಟರೆ ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಬೆಂಗಳೂರಲ್ಲೇ ಎಂ.ಎಸ್ಸಿ ಗಣಿತ ಮಾಡಿ ಈಗ ವಿಮಾ ಕಂಪನಿಯೊಂದರಲ್ಲಿ ಪ್ರೀಮಿಯಂ ಲೆಕ್ಕ ಹಾಕುವ ತಂಡದಲ್ಲಿದ್ದೇನೆ.

ಕಾಲೇಜಲ್ಲಿ ಕಲಿತ ಪ್ರಮೇಯಗಳಲ್ಲಿ ಮುಕ್ಕಾಲು ಪಾಲನ್ನು ಆಫೀಸಿನಲ್ಲಿ ಯಾರೂ ಕೇಳಲ್ಲ. ಗ್ರೂಪ್ ಥಿಯರಿ ಅನ್ನುವ ಬೀಜಗಣಿತದ ಭಾಗವಂತೂ ಅಟ್ಟ ಸೇರಿದೆ. ಬಿಡದೆ ಉಳಿದಿರುವುದು ಒಂದು ಚಾಳಿ: ಯಾವ ಸೂತ್ರ ಕೊಟ್ಟರೂ, ಇದು ಯಾವ ಷರತ್ತಿನ ಮೇಲೆ ನಿಂತಿದೆ ಅಂತ ಮೊದಲು ನೋಡುವುದು.

ಕಾರ್ ಇನ್ಶೂರೆನ್ಸನ್ನೇ ತಗೊಳ್ಳಿ. ಸಾವಿರಾರು ಕಾರುಗಳಿದ್ದರೆ ಕ್ಲೇಮು ಸರಾಸರಿಯ ಆಸುಪಾಸಲ್ಲೇ ಇರುತ್ತದೆ ಅನ್ನುವುದು ಲೆಕ್ಕ. ಆದರೆ ಈ ಲೆಕ್ಕ ನಿಲ್ಲಬೇಕಾದರೆ ಒಂದು ಕಾರಿಗೆ ಆಗುವುದಕ್ಕೂ ಇನ್ನೊಂದಕ್ಕೆ ಆಗುವುದಕ್ಕೂ ಸಂಬಂಧ ಇರಬಾರದು. ಬೆಂಗಳೂರಿನ 2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರೋ ನೀರು. ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಮುಳುಗುವುದು ಒಂದು ಕಾರಲ್ಲ, ಇಡೀ ಅಪಾರ್ಟ್‌ಮೆಂಟಿನ ಕಾರುಗಳು. ಅಲ್ಲಿ ಸರಾಸರಿ ಕೈಕೊಡುತ್ತದೆ. ಸಾಫ್ಟ್‌ವೇರ್ ಆಗಲೂ ಒಂದು ಉತ್ತರ ಕೊಡುತ್ತದೆ, ಷರತ್ತು ಮುರಿದಿದೆ ಅಂತ ಬಾಯಿ ಬಿಡಲ್ಲ. ನಮಗೆ ಸಂಬಳ ಬರುವುದು ಹೆಚ್ಚೂಕಡಿಮೆ ಇದನ್ನು ಹಿಡಿಯುವುದಕ್ಕೇ.

ಹಾಗಂತ ಬರೀ ಡಿಗ್ರಿ ಹಿಡಿದುಕೊಂಡು ಹೋದರೆ ಇಂಟರ್‌ವ್ಯೂ ಕಷ್ಟ. ಸ್ಟ್ಯಾಟಿಸ್ಟಿಕ್ಸ್, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಎರಡನ್ನೂ ಮೊದಲ ವರ್ಷದಿಂದಲೇ ಜೊತೆಗಿಟ್ಟುಕೊಳ್ಳಲಿ. ಆಕ್ಚುವರಿ, ಅಂದರೆ ವಿಮೆಯಲ್ಲಿ ಅಪಾಯದ ಲೆಕ್ಕ ಹಾಕುವ ಪರಿಣತೆ, ಆಗಬೇಕೆಂದರೆ ಬೇರೆಯೇ ಪರೀಕ್ಷೆಗಳ ಸಾಲಿದೆ, ವರ್ಷಗಟ್ಟಲೆ ಹಿಡಿಯುತ್ತದೆ. ಐಐಟಿಗಳಲ್ಲಿ ಎಂ.ಎಸ್ಸಿಗೆ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾಥ್ ಅನ್ನುವ ಗಣಿತದ ಡಿಗ್ರಿ ಇದೆ, ಪಿಯುಸಿ ಆದಮೇಲೇ ಸೇರಬಹುದು. ಅದರ ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ತೆಗೆದು ನೋಡಿ, ಸಿಇಟಿ ತರಹ ಬರೀ ಟಿಕ್ ಹಾಕುವುದಲ್ಲ, ಬಿಡಿಸಿ ಬರೆಯುವ ಭಾಗವೂ ಇರುತ್ತದೆ. ಟೀಚರ್ ಕೆಲಸವನ್ನೂ ಸುಮ್ನೆ ತಳ್ಳಿಹಾಕಬೇಡಿ. ಹೈಸ್ಕೂಲಿಗೆ ಬಿ.ಇಡಿ ಬೇಕು, ಡಿಗ್ರಿ ಕಾಲೇಜಿಗೆ ಎಂ.ಎಸ್ಸಿ ಜೊತೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ.

ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. 2ರ ವರ್ಗಮೂಲ ಅಭಾಗಲಬ್ಧ, ಅಂದರೆ ಅದನ್ನು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದು, ಅಂತ ಹತ್ತನೇ ಕ್ಲಾಸಲ್ಲಿ ಸಾಧಿಸಿರುತ್ತಾಳೆ. ಅದನ್ನು ಪುಸ್ತಕ ನೋಡದೆ ನಿಮಗೆ ಅರ್ಥವಾಗುವ ಹಾಗೆ ಹೇಳು ಅನ್ನಿ. ಖುಷಿಯಿಂದ ಹೇಳಿದರೆ ಧೈರ್ಯವಾಗಿ ಸೇರಿಸಿ. ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತಷ್ಟೇ ಗಣಿತ ಇಷ್ಟವಾಗಿದ್ದರೆ, ಎಲ್ಲವನ್ನೂ ಸಾಧಿಸಿಯೇ ತೋರಿಸಬೇಕಾದ ರಿಯಲ್ ಅನಾಲಿಸಿಸ್ ಅನ್ನುವ ವಿಷಯ ಶುರುವಾದ ತಿಂಗಳಲ್ಲೇ ಬೇಜಾರಾಗುತ್ತಾಳೆ.